ಕುರ್ಚಿಯಿಲ್ಲದ ರಾಣಿ

ನಮ್ಮ ಸ್ಕೂಲಿನ ಹೆಸರು ನೀಲಕಂಠ ವರ್ಲ್ಡ್ ಸ್ಕೂಲ್. ಯಾವ ವರ್ಲ್ಡ್ ಎಂದು ಮಾತ್ರ ಕೇಳಬೇಡಿ. ಬೇಗೂರಿನ ಹೈವೇ ಪಕ್ಕದಲ್ಲಿದೆ, ಗೇಟಿನ ಮುಂದೆ ಕೇರಳದ ಲಾರಿಗಳು ಓಡಾಡುತ್ತವೆ, ಊಟಿಗೆ ಹೋಗುವ ಕಾರುಗಳು ಎಳನೀರಿಗೆ ನಿಲ್ಲುತ್ತವೆ, ಅಷ್ಟೇ ನಮ್ಮ ವರ್ಲ್ಡು. ನೀಲಕಂಠ ಎಂದರೆ ಶಿವನೂ ಅಲ್ಲ, ನಮ್ಮ ಸೆಕ್ರೆಟರಿ ನೀಲಕಂಠಸ್ವಾಮಿ. ಅರಿಶಿನದ ವ್ಯಾಪಾರ, ತೆಂಗಿನ ತೋಟ, ಬದನಗುಪ್ಪೆಯ ಇಂಡಸ್ಟ್ರಿಯಲ್ ಏರಿಯಾದಲ್ಲೊಂದು ಶೆಡ್ಡು, ಇವೆಲ್ಲ ಆದಮೇಲೆ ಮಹಾನುಭಾವನಿಗೆ ವಿದ್ಯಾದಾನ ಮಾಡುವ ಆಸೆ ಹುಟ್ಟಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಇವನು ಸ್ಕೂಲು ಕಟ್ಟಿಸಿಕೊಂಡ.

ನಾನು ಶಿವರಂಜನಿ, ಅಲ್ಲಿನ ಸಮಾಜ ವಿಜ್ಞಾನದ ಟೀಚರ್. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಬೇಗೂರಿಗೆ ಇನ್ನೊಂದು ಬಸ್ಸು ಹಿಡಿದು ದಿನಾ ಬರುತ್ತೇನೆ. ನನ್ನ ಬಾಯಿ ಜೋರು ಎಂದು ಸ್ಟಾಫ್ ರೂಮಿನಲ್ಲಿ ಹೆಸರಿದೆ. ಬಾಯಿ ಇಲ್ಲದಿದ್ದರೆ ಈ ಸ್ಕೂಲಿನಲ್ಲಿ ಇಷ್ಟು ವರ್ಷ ಬಾಳುತ್ತಿದ್ದೆನೇ? ಮೆತ್ತಗಿದ್ದವರನ್ನೆಲ್ಲ ಸೆಕ್ರೆಟರಿ ತನ್ನ ಮನೆಯ ಗೃಹಪ್ರವೇಶಕ್ಕೆ ಊಟ ಬಡಿಸಲು ನಿಲ್ಲಿಸಿದ್ದ. ಎಂ.ಎಸ್ಸಿ. ಓದಿದ ಗಣಿತದ ಟೀಚರು ಅವತ್ತು ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಓಡಾಡಿದ್ದನ್ನು ನಾನೇ ನೋಡಿದ್ದೇನೆ.

ಈ ಸಲದ ಆನ್ಯುಯಲ್ ಡೇಗೆ ಏನು ಮಾಡಿಸುವುದು ಎಂದು ಸೆಕ್ರೆಟರಿ ಮೀಟಿಂಗು ಕರೆದ. ಒಬ್ಬರು ಮೈಸೂರು ಮಹಾರಾಜರು ಅಂದರು, ಇನ್ನೊಬ್ಬರು ವಿಜಯನಗರ ಅಂದರು, ಪಿ.ಟಿ. ಮೇಷ್ಟ್ರು ಯೋಗಾಸನ ಅಂದರು. ಸೆಕ್ರೆಟರಿ ಒಂದಕ್ಕೂ ಒಪ್ಪಲಿಲ್ಲ.

"ಅವೆಲ್ಲ ಸವದೋಗವೆ ಕಣ್ರಮ್ಮ. ಗುಂಡ್ಲುಪೇಟೆ ಸ್ಕೂಲೋರು ಓದೊರ್ಸ ಅದ್ನೇ ಮಾಡವ್ರೆ. ತಾಲ್ಲೂಕಲ್ಲಿ ಯಾರೂ ಮಾಡಿರ್ಬಾರ್ದು, ಅಂತಾ ರಾಜ್ರು ಬೇಕು ನಂಗೆ."

ನನಗೆ ಬಸ್ಸಿನ ಹೊತ್ತಾಗುತ್ತಿತ್ತು, ತಲೆ ಕೆಟ್ಟಿತು. "ಹಾಗಿದ್ರೆ ಆಫ್ರಿಕಾದ ರಾಜರನ್ನ ಮಾಡ್ಸಿ ಸರ್. ಖಂಡಿತ ಯಾರೂ ಮಾಡಿಲ್ಲ" ಎಂದೆ. ಕುಟುಕಿ ಹೇಳಿದ್ದು. ಕುಟುಕಿದ್ದು ತಾಗಲು ಚರ್ಮ ತೆಳ್ಳಗಿರಬೇಕಲ್ಲ.

"ಆಫ್ರಿಕಾದಲ್ಲಿ ರಾಜ್ರೂ ಇದ್ರಾ? ಬರೀ ಕಾಡು, ಸಿಂವ ಅಲ್ವಾ ಅಲ್ಲಿರದು?" ಎಂದ.

ಆ ಮಾತಿಗೆ ನನಗೆ ಪಿತ್ತ ನೆತ್ತಿಗೇರಿತು. ನಿಂತುಕೊಂಡೇ ಪಾಠ ಮಾಡಿದೆ. ಮಾಲಿ ದೇಶದ ಮನ್ಸಾ ಮೂಸಾ ಹಜ್ ಯಾತ್ರೆಗೆ ಹೋಗುವಾಗ ಕೈರೋದಲ್ಲಿ ಹಂಚಿದ ಚಿನ್ನಕ್ಕೆ ಅಲ್ಲಿನ ಪೇಟೆಯಲ್ಲಿ ಚಿನ್ನದ ಬೆಲೆಯೇ ಬಿದ್ದುಹೋಯಿತು ಎಂದು ಹೇಳಿದೆ. ಈಗಿನ ನೈಜೀರಿಯಾದ ಕಡೆ ಕುದುರೆ ಏರಿ ದಂಡು ನಡೆಸಿದ ಜಝ್ಝಾವಿನ ರಾಣಿ ಅಮೀನಾ, ಆಡ್ವಾ ಯುದ್ಧದಲ್ಲಿ ಇಟಲಿಯವರನ್ನು ಸೋಲಿಸಿದ ಇಥಿಯೋಪಿಯಾದ ದೊರೆ ಮೆನೆಲಿಕ್, ಅವನ ಜೊತೆ ದಂಡಿಗೆ ಹೋದ ರಾಣಿ ತಾಯ್ತು, ಎಲ್ಲರನ್ನೂ ಹೇಳಿದೆ. ಅವನಿಗೆ ಕೇಳಿಸಿದ್ದು ಚಿನ್ನ ಒಂದೇ.

"ಪ್ರಪಂಚ್ದಲ್ಲೇ ದೊಡ್ ಸಾವ್ಕಾರನಾ ಆ ಮೂಸಪ್ಪ? ಆಯ್ತು ಬುಡಿ, ಇದೇ ಫೈನಲ್ಲು. ನೀವೇ ಮಾಡ್ಸಿ."

ಹೀಗೆ ನನ್ನ ಬಾಯಿ ನನ್ನ ತಲೆಗೇ ಬಂತು.

ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವ ರೀತಿ ಗೊತ್ತಿರಬೇಕು. ಪಾರ್ಟು ಸಿಗುವುದು ಹಾಡು ಬಂದವನಿಗಲ್ಲ, ಮಾತು ಬಂದವನಿಗಲ್ಲ, ಜಾಸ್ತಿ ದುಡ್ಡು ಕೂಗಿದವನಿಗೆ. ಸಿಂಹಾಸನದ ಮೇಲೆ ಕೂರುವ ರಾಜಾಪಾರ್ಟಿಗೆ ದೊಡ್ಡ ರೇಟು, ನಿಂತು ಹಾಡುವ ಪಾರ್ಟಿಗೆ ಚಿಕ್ಕ ರೇಟು, ಬಾಗಿಲು ಕಾಯುವ ಪಾರ್ಟು ಪುಕ್ಕಟೆ. ನಮ್ಮ ಸೆಕ್ರೆಟರಿ ಮೂರು ನಾಟಕದಲ್ಲಿ ರಾಜಾಪಾರ್ಟು ಹಿಡಿದಿದ್ದ. ಒಂದರಲ್ಲಿ ಅವನು ಮಾತು ಮರೆತಾಗ ಹಾರ್ಮೋನಿಯಂ ಮೇಷ್ಟ್ರು ಹಿಂದಿನಿಂದ ಹೇಳಿಕೊಟ್ಟಿದ್ದು ಕಡಲೆಕಾಯಿ ಮಾರುವವನಿಗೂ ಕೇಳಿಸಿತಂತೆ. ಆದರೂ ಗದೆ ಹಿಡಿದ ಆ ಫೋಟೋ ಇವತ್ತಿಗೂ ಸ್ಕೂಲಿನ ಆಫೀಸಿನಲ್ಲಿದೆ.

ಅಂಥವನು ಆಫ್ರಿಕಾವನ್ನು ಬಿಡುತ್ತಾನೆಯೇ? ತಂದೆತಾಯಿಗಳ ಸಭೆ ಕರೆದು ಪಾರ್ಟುಗಳನ್ನು ಹರಾಜಿಗಿಟ್ಟ. "ಆನ್ಯುಯಲ್ ಡೇ ಫಂಡಿಗೆ" ಎಂದು ಮೈಕಿನಲ್ಲಿ ಹೇಳಿದ. ಪಕ್ಕದಲ್ಲಿ ನಾನು, ರಾಜರ ಗುಣಗಾನ ಮಾಡಲು. ನಾಚಿಕೆಗೇಡು, ಸಂತೆಯಲ್ಲಿ ದನದ ಹಲ್ಲು ತೋರಿಸುವವನ ಕೆಲಸ ನನಗೆ ಬಂದಿತ್ತು.

ಮನ್ಸಾ ಮೂಸಾನನ್ನು ಪೆಟ್ರೋಲ್ ಬಂಕಿನ ಮಹದೇವಪ್ರಸಾದ್ ತನ್ನ ಮಗನಿಗೆ ಹಿಡಿದ. ಅಮೀನಾಳ ಹೆಸರು ಹೇಳಿದಾಗ "ಕುದ್ರೆ ನಿಜ್ವಾದ್ದೇ ತರುಸ್ತೀರಾ?" ಎಂದು ಒಬ್ಬರು ಕೇಳಿದರು. ತಾಯ್ತು ರಾಣಿಗೆ "ಗೆದ್ದೋಳಾ, ಸೋತೋಳಾ?" ಎಂದರು, ಗೆದ್ದವಳು ಎಂದ ಮೇಲೆ ಕೂಗಿದರು. ಇಥಿಯೋಪಿಯಾದವರು ತಮ್ಮವಳೆನ್ನುವ ಶೀಬಾದ ರಾಣಿ ಮಕೆಡಾಳ ಪಾರ್ಟು ಹರಾಜಿಗೇ ಬರಲಿಲ್ಲ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಸಿಂಹಾಸನ ಎಂದು ತಿಳಿದು ಸೆಕ್ರೆಟರಿ ತನ್ನ ಮೊಮ್ಮಗಳು ಕಾವ್ಯಶ್ರೀಗೆ ಮೊದಲೇ ತೆಗೆದಿಟ್ಟಿದ್ದ.

ಕೊನೆಗೆ ಎನ್‌ಝಿಂಗಾ. ನನಗೆ ಎಲ್ಲರಿಗಿಂತ ಇಷ್ಟವಾದವಳು ಅವಳೇ, ಅದಕ್ಕೇ ಕೊನೆಗೆ ಇಟ್ಟಿದ್ದೆ. ಈಗಿನ ಅಂಗೋಲಾದ ಕಡೆ ಎನ್‌ಡೊಂಗೊ ಎಂಬ ರಾಜ್ಯ. ಪೋರ್ಚುಗೀಸರು ಬಂದು ಜನರನ್ನು ಹಿಡಿದು ಮಾರುತ್ತಿದ್ದ ಕಾಲ. ಆಗಿನ್ನೂ ರಾಣಿಯಾಗಿರದ ಎನ್‌ಝಿಂಗಾ, ರಾಜನಾಗಿದ್ದ ಸೋದರನ ಪರವಾಗಿ ಸಂಧಾನಕ್ಕೆ ಹೋದಳು. ಗವರ್ನರ್ ತಾನೊಂದು ಕುರ್ಚಿಯಲ್ಲಿ ಕೂತು, ಇವಳಿಗೆ ನೆಲದ ಮೇಲೆ ಚಾಪೆ ಹಾಸಿಸಿದ್ದ. ಇವಳು ಚಾಪೆಯ ಕಡೆ ತಿರುಗಿಯೂ ನೋಡದೆ ತನ್ನ ಸೇವಕಿಗೆ ಸನ್ನೆ ಮಾಡಿದಳು, ಸೇವಕಿ ಮಂಡಿಯೂರಿ ಬಗ್ಗಿದಳು, ಆ ಬೆನ್ನಿನ ಮೇಲೆ ಕೂತು ಗವರ್ನರನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು. ಹಾಗೆಂದು ಕಥೆ. ಮುಂದೆ ರಾಣಿಯಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಅವರ ನಿದ್ದೆ ಕೆಡಿಸಿದಳು.

ಇಷ್ಟು ಹೇಳಿ ನೋಡಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಶಾಂತಿ ಎಂಬಾಕೆ ಎದ್ದಳು. "ಮಿಸ್ಸು, ಕುರ್ಚಿನೇ ಕೊಡ್ದಿದ್ ಮ್ಯಾಲೆ ಅವ್ಳೆಂತಾ ರಾಣಿ? ನೆಲದ್ ಪಾರ್ಟು ನಮ್ಗ್ ಬ್ಯಾಡ. ಆ ಕುರ್ಚಿ ಮ್ಯಾಲೆ ಕೂತಿರ್ತನಲ್ಲ ಗವರ್ನರ್ರು, ಅದ್ನ ನಮ್ ಸೋಮೇಶ್‌ಗೆ ಕೊಡಿ."

ಗವರ್ನರನಿಗೆ ಕುರ್ಚಿ ಇದೆ ಎಂದು ಆಗ ಎಲ್ಲರಿಗೂ ಹೊಳೆದು, ಅವನಿಗಾಗಿ ಮೂವರು ಕೂಗಿದರು. ಜನರನ್ನು ಹಿಡಿದು ಮಾರಿಸಿದವನಿಗೆ ನಮ್ಮೂರಿನಲ್ಲಿ ಪೈಪೋಟಿ, ಅವನೆದುರು ತಲೆಯೆತ್ತಿದವಳು ಬೇಡ. ಶಿವನೇ, ಇಂಥವರ ಮಕ್ಕಳಿಗೆ ನಾನು ಚರಿತ್ರೆ ಕಲಿಸುತ್ತಿದ್ದೇನೆ ಎನ್ನಿಸಿತು.

"ಮಿಸ್, ಆ ಪಾರ್ಟು ನಾನ್ ಮಾಡ್ಲಾ?"

ಕಿಟಕಿಯ ಪಕ್ಕ ನಿಂತಿದ್ದ ಭವ್ಯ ಕೇಳಿದ್ದು. ಎಂಟನೇ ಕ್ಲಾಸು. ಅವಳ ಅಪ್ಪ ಮಂಟೇಸ್ವಾಮಿ ಸೆಕ್ರೆಟರಿಯ ತೋಟದಲ್ಲಿ ಟ್ರ್ಯಾಕ್ಟರು ಓಡಿಸುತ್ತಾನೆ, ಮೋಟರು ನೋಡಿಕೊಳ್ಳುತ್ತಾನೆ. ಬಡವರ ಮಕ್ಕಳಿಗೆಂದು ಸರ್ಕಾರ ಮೀಸಲಿಟ್ಟ ಸೀಟಿನಲ್ಲಿ ಭವ್ಯ ಒಂದನೇ ಕ್ಲಾಸಿಗೆ ಸೇರಿದ್ದಳು. ಫೀಸು ಕಟ್ಟುವುದು ಸರ್ಕಾರ, ಮೀಸೆ ತಿರುವುವುದು ಸೆಕ್ರೆಟರಿ. ಆ ಸವಲತ್ತು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಸೆಕ್ರೆಟರಿಯ ಮರ್ಜಿ. ಮಂಟೇಸ್ವಾಮಿಗೆ ಹಗಲೂ ರಾತ್ರಿ ಅದೇ ಚಿಂತೆ. ಅವತ್ತು ಸಭೆ ನಡೆದ ಹಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದರೂ ಅವನು ಕಿಟಕಿಯ ಆಚೆ ಬಿಸಿಲಲ್ಲಿ ನಿಂತೇ ಕೇಳುತ್ತಿದ್ದ. ಸೆಕ್ರೆಟರಿ ಇರುವ ಕಡೆ ಅವನು ಕೂತಿದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ.

ಸೆಕ್ರೆಟರಿ ಭವ್ಯಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಮಾಡ್ಲಿ ಬುಡಿ ಮಿಸ್ಸು. ಕುರ್ಚಿ ಇಲ್ದಿದ್ ಪಾರ್ಟು, ಅವ್ಳಿಗೇ ಸರಿ. ಬಣ್ಣದ್ ಕರ್ಚೂ ಇಲ್ಲ."

ಸಭೆಗೆ ಸಭೆಯೇ ನಕ್ಕಿತು. ಭವ್ಯ ನಗಲಿಲ್ಲ, ಅಳಲೂ ಇಲ್ಲ. ಮರುದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಬಂದು, "ಮಾತು ಬರ್ಕೊಡಿ ಮಿಸ್" ಎಂದಳು.

ಆ ಹುಡುಗಿಯ ವಿಷಯ ಹೇಳುವಾಗ ನನಗೆ ತಾತ್ಸಾರ ಬರುವುದಿಲ್ಲ, ಅದೊಂದೇ ಸಮಾಧಾನ. ಒಂದು ವಾರಕ್ಕೆ ಎಲ್ಲ ಮಾತೂ ಬಾಯಿಪಾಠ. ಕ್ಲಾಸಿನವರು ಎನ್‌ಝಿಂಗಾಳನ್ನು ಜಿಂಗಮ್ಮ ಮಾಡಿಕೊಂಡರು. ರಿಹರ್ಸಲ್ಲಿನಲ್ಲಿ ಒಮ್ಮೆ ಭವ್ಯ, "ಮಿಸ್, ಬಗ್ಗುದ್ಲಲ್ಲ ಸೇವಕಿ, ಅವಳ ಹೆಸ್ರೇನು?" ಎಂದು ಕೇಳಿದಳು.

"ಯಾರೂ ಬರೆದಿಟ್ಟಿಲ್ಲ ಕಣೆ" ಎಂದೆ.

"ಹಂಗಾದ್ರೆ ಜಿಂಗಮ್ಮಂದೂ ತಪ್ಪೇ ಅಲ್ವಾ ಮಿಸ್? ಕುರ್ಚಿ ಕೊಡ್ದಿದ್ದೋನು ಗವರ್ನರ್ರು, ಬಗ್ಗಿದ್ದು ಮಾತ್ರ ಆ ಸೇವಕಿ."

ಇಪ್ಪತ್ತು ವರ್ಷದಿಂದ ಈ ಕಥೆಯನ್ನು ಕಣ್ಣರಳಿಸಿಕೊಂಡು ಹೇಳುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ. ಮೂಸಾ ಹಂಚಿದ ಚಿನ್ನವನ್ನೂ ಯಾರೋ ಹೊತ್ತಿದ್ದರು. ರಾಜನಾಗಲಿ, ರಾಣಿಯಾಗಲಿ, ಆಫ್ರಿಕಾವಾಗಲಿ ಮೈಸೂರಾಗಲಿ, ಕೆಳಗೆ ಯಾರದೋ ಬೆನ್ನು ಇದ್ದೇ ಇರುತ್ತದೆ. ನಾನು ಅವತ್ತೇ ತೀರ್ಮಾನ ಮಾಡಿ ಒಂದು ಮೋಟು ಸ್ಟೂಲಿಗೆ ಕರಿ ಕಂಬಳಿ ಹೊದಿಸಿದೆ. ಬೆನ್ನು ಎಂದು ಜನ ತಿಳಿದುಕೊಳ್ಳಲಿ, ಯಾರ ಮಗುವೂ ಬಗ್ಗುವುದು ಬೇಡ.

ಭವ್ಯ ನಡೆದು ಬಂದು, ಚಾಪೆಯನ್ನು ದಾಟಿ, ಸ್ಟೂಲಿನ ಮೇಲೆ ಕೂತು, ಸೋಮೇಶನ ಮುಖ ನೋಡಿ ಹೇಳುತ್ತಿದ್ದಳು. "ಕಪ್ಪ ಕೊಡುವವರು ಸೋತವರು. ನಾವು ಸೋತಿಲ್ಲ. ಸ್ನೇಹ ಬೇಕಾದರೆ ಕೇಳು, ಮಾತಾಡೋಣ." ಸೋಮೇಶ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದ, ನಟನೆಯಲ್ಲ, ಹೆದರಿಕೆ.

ಆನ್ಯುಯಲ್ ಡೇ ಮೂರು ದಿನ ಇದೆ ಎನ್ನುವಾಗ ಸೆಕ್ರೆಟರಿ ರಿಹರ್ಸಲ್ ನೋಡಲು ಬಂದ. ಪೆಟ್ರೋಲ್ ಬಂಕಿನ ಮೂಸಾ ಚಿನ್ನ ಹಂಚುವುದು ಬಿಟ್ಟು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮಕೆಡಾ ರಾಣಿಯಾದ ಕಾವ್ಯಶ್ರೀ ಸಿಂಹಾಸನದಲ್ಲಿ ಕೂತು ಸುಮ್ಮನೆ ಆಕಳಿಸಿದಳು. ಅವಳಿಗೆ ಮಾತೇ ಇರಲಿಲ್ಲ, ನಾನು ಬರೆದುಕೊಟ್ಟ ಮಾತನ್ನೆಲ್ಲ ಕಲಿಯದೆ ಒಂದೊಂದಾಗಿ ಬಿಟ್ಟಿದ್ದಳು. ಆಮೇಲೆ ಭವ್ಯಳ ಸೀನು ಬಂತು. ಅಡುಗೆಯವರು, ಬಸ್ ಡ್ರೈವರುಗಳು, ಎಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡಿದರು. ಮುಗಿದಾಗ ಚಪ್ಪಾಳೆ ಬಿತ್ತು.

ಸೆಕ್ರೆಟರಿಯ ಕಣ್ಣು ಮಿನುಗಿತು. ಇನ್ನೊಬ್ಬರ ತಟ್ಟೆಯಲ್ಲಿ ಒಳ್ಳೆಯದೇನಾದರೂ ಕಂಡರೆ ಅವನ ಕಣ್ಣು ಹಾಗೇ ಮಿನುಗುವುದು.

"ಎಂತಾ ಸೀನಮ್ಮ ಇದು! ಮೊದ್ಲೇ ಯಾಕ್ ಏಳ್ಲಿಲ್ಲ? ಇದ್ನ ನಮ್ ಕಾವ್ಯ ಮಾಡ್ತಳೆ."

"ಸರ್, ಭವ್ಯ ಇಷ್ಟು ದಿನದಿಂದ ಕಲ್ತಿದ್ದಾಳೆ..."

"ಕಲ್ತಿದ್ರೆ ಒಳ್ಳೇದೇ ಆಯ್ತು. ಆ ಸ್ಟೂಲ್ ತಗ್ಸಿ. ಕತೇಲಿ ಮನುಸ್ರ ಬೆನ್ನು ಅಂತ ಅದೆ, ಮನುಸ್ರೇ ಇರ್ಬೇಕು. ಈ ಹುಡ್ಗಿ ಬಗ್ಲಿ. ಎಲ್ಲಿ ಬಗ್ಬೇಕು ಅಂತ ಅವ್ಳಿಗ್ ಗೊತ್ತದೆ."

ಹುಡುಗಿ ಎದುರಿಗೇ ನಿಂತಿದ್ದಳು. ನಾನು ಆಗುವುದಿಲ್ಲ ಎಂದೆ. ಮಗುವಿನ ಮೇಲೆ ಮಗುವನ್ನು ಕೂರಿಸುವುದು ತಪ್ಪು, ನೋಡಿದವರು ಉಗಿಯುತ್ತಾರೆ ಎಂದೆ. ಸೆಕ್ರೆಟರಿ ತಣ್ಣಗೆ ಕೇಳಿಸಿಕೊಂಡ.

"ಒಂಬತ್ನೇ ಕ್ಲಾಸ್ಗೆ ಈ ಮಗೀನ ಇಟ್ಕಬೇಕಾ ಬ್ಯಾಡ್ವಾ ಅಂತ ನಾನಿನ್ನೂ ಯೋಚ್ನೆ ಮಾಡಿಲ್ಲ ಮಿಸ್ಸು. ನೀವೂ ಯೋಚ್ನೆ ಮಾಡಿ."

ಥೂ! ಹದಿಮೂರು ವರ್ಷದ ಹುಡುಗಿಯ ಓದನ್ನು ಹಿಡಿದು ಬೆದರಿಸುವವನು ಯಾವ ಸೀಮೆ ಗಂಡಸು? ಮೂರು ನಾಟಕದಲ್ಲಿ ರಾಜನಾಗಿದ್ದನಂತೆ. ಬಾಗಿಲು ಕಾಯುವ ಪಾರ್ಟಿಗೂ ಲಾಯಕ್ಕಿಲ್ಲದ ಮನುಷ್ಯ.

ಸಂಜೆ ಬಸ್ಸು ಬಿಟ್ಟು ತೋಟಕ್ಕೆ ಹೋದೆ. ಮೋಟರ್ ಮನೆಯ ಪಕ್ಕದ ಎರಡು ಕೋಣೆಯಲ್ಲಿ ಮಂಟೇಸ್ವಾಮಿಯ ಸಂಸಾರ. ಹೆಂಡತಿ ಪುಟ್ಟಮಾದಮ್ಮ ಚೆಂಡುಹೂ ಬಿಡಿಸಿ ಬಂದು ಕೈಕಾಲು ತೊಳೆಯುತ್ತಿದ್ದಳು. ಭವ್ಯ ಬಾಗಿಲಲ್ಲಿ ಕೂತಿದ್ದಳು. ವಿಷಯ ಆಗಲೇ ಮನೆಗೆ ಬಂದಿತ್ತು.

"ನೀವು ಒಪ್ಪದಿದ್ರೆ ನಾನು ಈ ಸೀನನ್ನೇ ತೆಗೆದುಬಿಡ್ತೀನಿ ಮಂಟೇಸ್ವಾಮಿ. ನನ್ನ ಕೆಲಸ ಹೋದ್ರೂ ಚಿಂತೆ ಇಲ್ಲ" ಎಂದೆ.

"ನಿಮ್ ಕೆಲ್ಸ ಓದ್ರೆ ಇನ್ನೊಂದು ಸಿಗ್ತದೆ ಮಿಸ್ಸು. ಇವ್ಳ ಓದು ನಿಂತೋದ್ರೆ?" ಎಂದ. "ಬಡವ ನೀ ಮಡಗ್ದಂಗಿರು ಅಂತವ್ರೆ ದೊಡ್ಡೋರು. ಒಂದ್ ಗಳ್ಗೆ ಬಗ್ಗುದ್ರೆ ಏನಾದದು? ನಾನ್ ದಿನಾ ಬಗ್ಗಲ್ವಾ?"

"ಅದ್ಕೇ ನಾ ಬಗ್ಗಲ್ಲ" ಎಂದಳು ಭವ್ಯ.

"ಬಾಯ್ಮುಚ್ಚಮ್ಮಿ!" ಪುಟ್ಟಮಾದಮ್ಮ ಗದರಿದಳು. "ಒಂಬತ್ನೇ ಕ್ಲಾಸು ಬೇಕಾ ಬ್ಯಾಡ್ವಾ? ನನ್ ಜೊತೆ ಹೂ ಬುಡ್ಸಕ್ಕೆ ಬತ್ತೀಯಾ?"

ಮಂಟೇಸ್ವಾಮಿ ನನ್ನ ಕಡೆ ತಿರುಗಿ ಕೈಮುಗಿದ. "ಸೀನ್ ತಗೀಬೇಡಿ ಮಿಸ್ಸು, ನಿಮ್ ದಮ್ಮಯ್ಯ. ನಾನ್ ಏಳ್ತೀನಿ ಇವ್ಳ್ಗೆ." ನನಗೆ ಅವನ ಮೇಲೂ ಸಿಟ್ಟು ಬಂತು. ಆದರೆ ಆ ಕೈಗಳನ್ನು ನೋಡಿ ಬೈಯದೆ ಎದ್ದು ಬಂದೆ, ಸೀನನ್ನೂ ತೆಗೆಯಲಿಲ್ಲ.

ಆನ್ಯುಯಲ್ ಡೇ ಸಂಜೆ ಸ್ಕೂಲಿನ ಮೈದಾನ ತುಂಬಿತ್ತು. ಬಟ್ಟೆ ಬಂದಿದ್ದು ಚಾಮರಾಜನಗರದ ನಾಟಕದ ಅಂಗಡಿಯಿಂದ, ಬಾಡಿಗೆಗೆ. ಆಫ್ರಿಕಾದ ಬಟ್ಟೆ ಬೇಕು ಎಂದರೆ ಅಂಗಡಿಯವನು, "ಮೇಡಂ, ಯಾವೂರ್ ರಾಜ ಆದ್ರೇನು, ರಾಜ ರಾಜ್ನೇ" ಎಂದು ಕಿರೀಟ, ಭುಜಕೀರ್ತಿ, ಗದೆ ಎಲ್ಲ ತುಂಬಿ ಕಳಿಸಿದ್ದ. ಮನ್ಸಾ ಮೂಸಾ ಹಣೆತುಂಬ ವಿಭೂತಿ ಹಚ್ಚಿಕೊಂಡು, ಹೆಗಲಿಗೆ ಗದೆ ಇಟ್ಟುಕೊಂಡು ಹಜ್ಜಿಗೆ ಹೊರಟ. ಕುದುರೆ ಸಿಗದೆ ಅಮೀನಾ ತಗಡಿನ ಸಿಂಹದ ಮೇಲೆ ಬಂದಳು. ಮಕ್ಕಳ ಮುಖಕ್ಕೆಲ್ಲ ಮಸಿ ಬಳಿಸಿದ್ದ ಸೆಕ್ರೆಟರಿ, ಕಪ್ಪಗಿದ್ದರೆ ಸಾಕು, ಆಫ್ರಿಕಾ ಆಗಿಬಿಡುತ್ತದೆ ಎಂದು. ಅವನ ಹೆಂಡತಿ ಶಾಂತಮಲ್ಲಮ್ಮ ಮಾತ್ರ ಗ್ರೀನ್ ರೂಮಿಗೆ ಬಂದು, "ನನ್ ಮೊಮ್ಮಗ್ಳಿಗೆ ಮಸಿಗಿಸಿ ಬಳುದ್ರೆ ನೋಡಿ ಮತ್ತೆ" ಎಂದು ಕಾವ್ಯಶ್ರೀಗೆ ಎರಡು ಸಲ ಪೌಡರು ಹಾಕಿಸಿದಳು. ಹೀಗಾಗಿ ಎನ್‌ಡೊಂಗೊದ ರಾಣಿ ಪೋರ್ಚುಗೀಸ್ ಗವರ್ನರನಿಗಿಂತ ಬೆಳ್ಳಗಾದಳು.

ಭವ್ಯ ಮೂಲೆಯಲ್ಲಿ ಹಳೇ ಸೀರೆ ಉಟ್ಟು ನಿಂತಿದ್ದಳು. "ಏನು ಮಾಡ್ತೀಯೆ?" ಎಂದು ಮೆಲ್ಲಗೆ ಕೇಳಿದೆ. "ಗೊತ್ತಿಲ್ಲ ಮಿಸ್" ಎಂದಳು.

ಪರದೆ ಎಳೆಯುವ ಹುಡುಗ ಮೂಸಾನ ರಟ್ಟಿನ ಒಂಟೆ ಎಳೆಯಲು ಹೋಗಿದ್ದರಿಂದ ಹಗ್ಗ ನನ್ನ ಕೈಗೆ ಬಂದಿತ್ತು. ಸೈಡಿನಿಂದ ಎಲ್ಲ ಕಾಣುತ್ತಿತ್ತು. ಮುಂದಿನ ಸಾಲಿನ ಸೋಫಾದಲ್ಲಿ ಸೆಕ್ರೆಟರಿ, ಅವನ ಪಕ್ಕ ಶಾಂತಮಲ್ಲಮ್ಮ, ಮಹದೇವಪ್ರಸಾದ್, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು, ಅದರಾಚೆ ಜನರೇಟರಿನ ಹತ್ತಿರ ನಿಂತ ಜನ. ಮಂಟೇಸ್ವಾಮಿ ಅಲ್ಲಿದ್ದ.

ಸೀನು ಶುರುವಾಯಿತು. ಸೋಮೇಶ ಕುರ್ಚಿಯಲ್ಲಿ ಕೂತ. ಕಾವ್ಯಶ್ರೀ ಗೆಜ್ಜೆ ಕಟ್ಟಿಕೊಂಡು ಬಂದಳು, ಹಿಂದೆ ಭವ್ಯ. ಕಾವ್ಯಶ್ರೀ ಚಾಪೆ ನೋಡಿದಳು, ಗವರ್ನರನನ್ನು ನೋಡಿದಳು, ಕೈ ಎತ್ತಿ ಸನ್ನೆ ಮಾಡಿದಳು. ಅಲ್ಲಿವರೆಗೆ ಸರಿ ಇತ್ತು.

ಭವ್ಯ ಬಗ್ಗಲಿಲ್ಲ.

ಕಾವ್ಯಶ್ರೀ ಇನ್ನೊಮ್ಮೆ ಸನ್ನೆ ಮಾಡಿದಳು. ಭವ್ಯ ನಿಂತೇ ಇದ್ದಳು. ಸೆಕ್ರೆಟರಿ ಸೋಫಾದಿಂದಲೇ ಕೈಯಾಡಿಸಿ ಬಗ್ಗು ಬಗ್ಗು ಎಂದ. ಆಮೇಲೆ ಎದ್ದು ನಿಂತ. "ಬಗ್ಗಮ್ಮಿ!" ಎಂದು ಕೂಗಿದ. ಅವಳು ಅಲುಗಾಡದಿದ್ದಾಗ ಹಿಂದಕ್ಕೆ ತಿರುಗಿ ಅರಚಿದ. "ಲೇ ಮಂಟೇಸ್ವಾಮಿ! ಎಲ್ಲಿದ್ದೀಯಲಾ? ಬಾರ್ಲಾ ಇಲ್ಲಿ!"

ಮಂಟೇಸ್ವಾಮಿ ಕುರ್ಚಿಗಳ ಮಧ್ಯೆ ಓಡಿಬಂದ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಸ್ಟೇಜು ಹತ್ತಿದ. ಮಗಳಿಗೆ ಬುದ್ಧಿ ಹೇಳುತ್ತಾನೆ, ಇಲ್ಲ ಒಂದು ಏಟು ಹಾಕುತ್ತಾನೆ ಎಂದುಕೊಂಡೆ. ಅವನು ಅವಳನ್ನು ನೋಡಲೂ ಇಲ್ಲ. ಚಾಪೆಯ ಪಕ್ಕ ಮಂಡಿಯೂರಿ, ಎರಡು ಕೈ ಊರಿ, ತಾನೇ ಬಗ್ಗಿದ.

ಜನ ಇದೂ ನಾಟಕದ್ದೇ ಎಂದುಕೊಂಡು ಚಪ್ಪಾಳೆ ತಟ್ಟಿದರು. "ಸಭಾಷ್!" ಎಂದ ಮಹದೇವಪ್ರಸಾದ್. ಸೆಕ್ರೆಟರಿ ಸಮಾಧಾನದಿಂದ ಸೋಫಾಕ್ಕೆ ಒರಗಿದ. ನಮ್ಮ ಜನಕ್ಕೆ ಏನು ಹೇಳಬೇಕು? ನಲವತ್ತೈದು ವರ್ಷದ ಮನುಷ್ಯ ನಾಲ್ಕು ಕಾಲಿನ ಮೇಲೆ ನಿಂತಿದ್ದಾನೆ, ಇವರಿಗೆ ಎಫೆಕ್ಟು ಚೆನ್ನಾಗಿ ಕಾಣುತ್ತಿದೆ.

ಕಾವ್ಯಶ್ರೀ ಸೀರೆಯ ನಿರಿಗೆ ಎತ್ತಿಕೊಂಡು ಕೂರಲು ತಿರುಗಿದಳು. ಆಗ ಭವ್ಯ ಅವಳ ಮೊಣಕೈ ಹಿಡಿದಳು. ನಾಟಕದ ಮಾತಲ್ಲ, ಕ್ಲಾಸಿನಲ್ಲಿ ಪಕ್ಕದ ಬೆಂಚಿನವಳಿಗೆ ಹೇಳುವ ಹಾಗೆ ಹೇಳಿದಳು, ಮೇಲೆ ತೂಗುಹಾಕಿದ್ದ ಮೈಕಿಗೆ ಅದೂ ಕೇಳಿಸಿತು.

"ಕೂರ್ಬ್ಯಾಡ ಕಣೆ ಕಾವ್ಯ. ನಮ್ಮಪ್ಪ."

ಕಾವ್ಯಶ್ರೀ ನಿಂತಳು. ಕೆಳಗೆ ಬಗ್ಗಿದವನನ್ನು ನೋಡಿದಳು, ಭವ್ಯಳನ್ನು ನೋಡಿದಳು. ಆ ಹುಡುಗಿಯ ತಲೆಯಲ್ಲಿ ಮೊಬೈಲು ಬಿಟ್ಟರೆ ಇನ್ನೇನೂ ಇಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಹಲವು ಸಲ ಹೇಳಿದ್ದೇನೆ. ಅವಳು ನಿರಿಗೆ ಬಿಟ್ಟು, ಸೋಫಾದ ಕಡೆ ತಿರುಗಿ ಕರೆದಳು.

"ತಾತ, ನೀನೇ ಬಾ. ಮನೇಲಿ ನನ್ ತಮ್ಮ ಪುಟ್ಟಂಗೆ ನೀನೇ ತಾನೆ ಆನೆ ಆಗದು? ನೀನ್ ಬಗ್ಗು, ನಾನ್ ಕೂರ್ತೀನಿ."

ಮೊದಲು ನಗು ಬಂದಿದ್ದು ಜನರೇಟರಿನ ಹತ್ತಿರ ನಿಂತವರಿಂದ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳಿಗೆ ಹಬ್ಬಿತು. ಹಾರ್ಡ್‌ವೇರ್ ಅಂಗಡಿಯ ಶಾಂತಿ ಬಿದ್ದು ಬಿದ್ದು ನಕ್ಕಳು. ಮಹದೇವಪ್ರಸಾದ್ ಕರವಸ್ತ್ರ ಬಾಯಿಗಿಟ್ಟುಕೊಂಡ. ಶಾಂತಮಲ್ಲಮ್ಮನೂ ಸೆರಗಿನ ಮರೆಯಲ್ಲಿ ನಗುತ್ತಿದ್ದಳು, ಆನೆಯಾಟ ಅವಳ ಕಣ್ಣೆದುರಿಗೇ ನಡೆಯುವುದಲ್ಲವೇ. ಒಬ್ಬ ಹುಡುಗ ಹಿಂದಿನಿಂದ "ಬನ್ನಿ ಸಾ, ಬಗ್ಗಿ ಸಾ!" ಎಂದು ಕೂಗಿದ.

ಸೆಕ್ರೆಟರಿ ಕೆಂಪಗಾಗಿ ಸ್ಟೇಜಿನ ಬುಡಕ್ಕೆ ಬಂದ. "ಪರ್ದೆ ಎಳೀರಿ! ಏ ಮಿಸ್ಸು, ಪರ್ದೆ!" ಎಂದು ಬಡಿದುಕೊಂಡ. ಹಗ್ಗ ನನ್ನ ಕೈಯಲ್ಲಿತ್ತು. ನಾನು ಎಳೆಯಲಿಲ್ಲ. ಎಲ್ಲರೂ ಚೆನ್ನಾಗಿ ನೋಡಲಿ ಎಂದುಕೊಂಡೆ.

ಆದರೆ ಮಂಟೇಸ್ವಾಮಿ ಇನ್ನೂ ಬಗ್ಗಿಯೇ ಇದ್ದ. ತಲೆ ತಗ್ಗಿಸಿದವನಿಗೆ ಯಾರು ನಗುತ್ತಿದ್ದಾರೆ, ಯಾರಿಗೆ ನಗುತ್ತಿದ್ದಾರೆ ಎಂದು ಗೊತ್ತಾಗಿರಲಿಲ್ಲ. ತನಗೇ ಎಂದುಕೊಂಡಿರಬೇಕು. ಏಳು ಎಂದು ಯಾರೂ ಹೇಳಿರಲಿಲ್ಲವಲ್ಲ, ಅದಕ್ಕೇ ಎದ್ದಿರಲಿಲ್ಲ. ಅದನ್ನು ನೋಡಿ ನನ್ನ ನಗು ನಿಂತಿತು.

ಭವ್ಯ ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ಏಳಪ್ಪ" ಎಂದಳು.

ಅವನು ತಲೆ ಎತ್ತದೆ ಪಿಸುಗುಟ್ಟಿದ. "ಯಜಮಾನ್ರು ಒಂಟೋದ್ರಾ ಕೂಸೇ?"

ಭವ್ಯ ತಿರುಗಿ ನೋಡಿದಳು. ಸೆಕ್ರೆಟರಿ ಎರಡು ಮಾರು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ಅವರಿಬ್ಬರನ್ನೇ ನುಂಗುವ ಹಾಗೆ ನೋಡುತ್ತಿದ್ದ. ಒಂಬತ್ತನೇ ಕ್ಲಾಸು ಆ ಮುಖದಲ್ಲೇ ಮುಗಿದುಹೋಗಿತ್ತು. ಅದು ಅವಳಿಗೂ ಗೊತ್ತಾಯಿತು.

"ಇಲ್ಲಪ್ಪ, ಇಲ್ಲೇ ನಿಂತವ್ರೆ" ಎಂದಳು. "ಏಳು."

ಮಂಟೇಸ್ವಾಮಿ ನೆಲಕ್ಕೆ ಊರಿದ್ದ ಕೈ ಎತ್ತಿದ. ಆಮೇಲೆ ಮಗಳ ಹೆಗಲ ಮೇಲೆ ಕೈ ಊರಿ, ಯಜಮಾನನ ಎದುರಿಗೇ ಎದ್ದು ನಿಂತ.